ಉದ್ಘಾಟನೆಗೆ ಕಾದ ಎಂಟು ಯಂತ್ರಗಳು

ಗುಂಡಿ ಅಕ್ಕನಿಗೆ ಆ ಹೆಸರು ಅಂಟಿಕೊಂಡದ್ದು ಅಂಗಿ ಕಾರ್ಖಾನೆಯಲ್ಲಿ. ಇಪ್ಪತ್ತೆರಡು ವರ್ಷ ಅವಳು ಅಲ್ಲಿ ಗುಂಡಿ ಹಾಕುವ ಸಾಲಿನಲ್ಲಿ ದುಡಿದಿದ್ದಳು. ಕೊನೆಯ ಒಂಬತ್ತು ವರ್ಷ ಆ ಸಾಲಿನ ಮೇಲ್ವಿಚಾರಕಿಯೂ ಆಗಿದ್ದಳು. ಹೊಸದಾಗಿ ಪರಿಚಯವಾದವರು ಹೆಸರು ಕೇಳಿ, ಪಾಪ, ಚಿಕ್ಕಂದಿನಲ್ಲಿ ಯಾವುದೋ ಗುಂಡಿಗೆ ಬಿದ್ದಿರಬೇಕು ಎಂದುಕೊಳ್ಳುತ್ತಿದ್ದರು. "ಬಿದ್ದಿದ್ದಲ್ಲಪ್ಪ, ಹೊಲಿದಿದ್ದು" ಎಂದು ಅವಳು ತಿದ್ದುತ್ತಿದ್ದಳು. ತಿದ್ದುವುದು ಅವಳ ಕಸುಬೂ ಹೌದು, ಚಟವೂ ಹೌದು. ಬಸ್ಸಿನಲ್ಲಿ ಎದುರು ನಿಂತವನ ಮುಖಕ್ಕಿಂತ ಮೊದಲು ಅವನ ಅಂಗಿಯ ಎದೆಸಾಲಿನ ಮೇಲೆ ಅವಳ ಕಣ್ಣು ಓಡುತ್ತಿತ್ತು. "ನಿಮ್ಮ ಮೂರನೇ ಗುಂಡಿ ಇವತ್ತೋ ನಾಳೆಯೋ ಉದುರುತ್ತೆ ನೋಡಿ" ಎಂದು ಹೇಳದೆ ಇಳಿದರೆ ಆ ದಿನವೆಲ್ಲ ಅವಳಿಗೆ ಸಮಾಧಾನವಿರುತ್ತಿರಲಿಲ್ಲ. ಜೊತೆಗಿದ್ದ ಗಂಡ ಅಂಥ ಹೊತ್ತಿನಲ್ಲಿ ಕಿಟಕಿಯಾಚೆ ನೋಡುತ್ತ, ತನಗೂ ಆ ಹೆಂಗಸಿಗೂ ಸಂಬಂಧವೇ ಇಲ್ಲವೆಂಬಂತೆ ಕೂತುಬಿಡುತ್ತಿದ್ದ.

ಒಂದು ಮಂಗಳವಾರ ಬೆಳಿಗ್ಗೆ ಕಾರ್ಖಾನೆಯ ಗೇಟಿಗೆ ಬೀಗ ಬಿದ್ದಿತ್ತು. ಬೀಗದ ಪಕ್ಕದಲ್ಲಿ ಒಂದು ಹಾಳೆ. ಮುನ್ನೂರು ಜನ ಅದನ್ನು ಒಬ್ಬರ ಹೆಗಲ ಮೇಲಿಂದ ಒಬ್ಬರು ಇಣುಕಿ ಓದಿದರು. ಓದಿದವರು, ಮೊದಲ ಸಲ ತಪ್ಪು ಓದಿರಬಹುದೆಂದು ಮತ್ತೆ ಓದಿದರು. ಗುಂಡಿ ಅಕ್ಕ ಓದಿ ಮುಗಿಸಿ, "ಮುನ್ನೂರು ಜನರನ್ನ ಮನೆಗೆ ಕಳಿಸೋ ಕಾಗದ, ಅದನ್ನಾದ್ರೂ ನೆಟ್ಟಗೆ ಅಂಟಿಸಬಾರದಾ?" ಎಂದಳು. ಯಾರೂ ನಗಲಿಲ್ಲ. ಅವಳೂ ನಗಿಸಲೆಂದು ಹೇಳಿದ್ದಲ್ಲ.

ಎರಡು ತಿಂಗಳು ಅವಳು ಊರಿನ ಹೊಲಿಗೆ ಅಂಗಡಿಗಳನ್ನೆಲ್ಲ ಸುತ್ತಿದಳು. ಎಲ್ಲ ಕಡೆಯೂ ಒಂದೇ ಮಾತು: ವಯಸ್ಸೆಷ್ಟು? ಐವತ್ತೊಂದು ಎಂದ ಕೂಡಲೇ ಅವರ ಮುಖ ನೀರು ಬಿದ್ದ ಕಾಗದದಂತೆ ಆಗುತ್ತಿತ್ತು. ಕೊನೆಗೆ ಗಂಡನೇ ದಾರಿ ತೋರಿಸಿದ. ಅವನು ಬಸ್ ನಿಲ್ದಾಣದ ಎದುರು ಗಡಿಯಾರ ರಿಪೇರಿ ಮಾಡುವವನು. ಯಾವುದಕ್ಕೂ ಅವಸರವಿಲ್ಲದ ಮನುಷ್ಯ.

"ಹಳೇ ಅಂಚೆ ಕಚೇರಿ ಕಟ್ಟಡದಲ್ಲಿ ನೆರವು ಕೇಂದ್ರ ಅಂತ ಮಾಡಿದಾರಂತೆ. ಕೆಲಸ ಹುಡುಕಿ ಕೊಡ್ತಾರಂತೆ. ಹೋಗಿ ಬಾರೇ."

"ಕೊಡದಿದ್ರೆ?"

"ಕೊಡದಿದ್ರೆ ವಾಪಸ್ ಬಾ."

ನೆರವು ಕೇಂದ್ರಕ್ಕೆ ಮೂರು ಕೋಣೆ, ಮೂರು ಬಾಗಿಲು, ಮೂರು ಫಲಕ: ಕುಟುಂಬ, ಯುವಜನ, ಉದ್ಯೋಗ. ಹಳೆಯ ಅಂಚೆ ಕಚೇರಿಯ ಕೌಂಟರಿನ ಗಾಜು ಹಾಗೇ ಇತ್ತು. ಅದರ ಹಿಂದೆ ಸಂಯೋಜಕ ಕೂತಿದ್ದ. ಮೂವತ್ತರ ಒಳಗಿನ ಪ್ರಾಯ, ಕೊರಳಲ್ಲಿ ಗುರುತಿನ ಚೀಟಿ ನೇತಾಡುವ ನೀಲಿ ಪಟ್ಟಿ, ಮುಖದಲ್ಲಿ ಸದಾ ಬಸ್ಸು ತಪ್ಪಿಸಿಕೊಳ್ಳಲಿರುವವನ ಗಾಬರಿ. ಕಂಪ್ಯೂಟರಿನಲ್ಲಿ ಅವಳ ಅರ್ಜಿ ತುಂಬುತ್ತ ಅವನು ಕೇಳಿದ:

"ಮೇಡಂ, ಕೌಶಲ್ಯ ಏನು ಬರೀಲಿ?"

"ಗುಂಡಿ."

"ಗುಂಡಿ ಅಂತ ಇಲ್ಲ ಮೇಡಂ ಪಟ್ಟಿಯಲ್ಲಿ. ಹೊಲಿಗೆ ಅಂತ ಹಾಕಿದ್ರೆ ಡಿಪ್ಲೊಮಾ ಕೇಳುತ್ತೆ. 'ಇತರೆ' ಅಂತ ಹಾಕ್ಲಾ?"

"ಇಪ್ಪತ್ತೆರಡು ವರ್ಷ ಮಾಡಿದ್ದು 'ಇತರೆ'ನಾ?"

"ನಾನು ಹೇಳ್ತಿಲ್ಲ ಮೇಡಂ, ಇದು ಹೇಳ್ತಿದೆ" ಎಂದು ಅವನು ಪರದೆಯ ಕಡೆ ಬೆರಳು ತೋರಿಸಿದ. ಅವಳು ಪರದೆಯನ್ನು ದುರುಗುಟ್ಟಿ ನೋಡಿದಳು. ಅದು ಅವಳನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಕೆಲಸಕ್ಕೆ ಕಳಿಸುವ ಮೊದಲು ತರಬೇತಿ ಕಡ್ಡಾಯವಂತೆ. ಮೊದಲನೆಯದು ಆತ್ಮವಿಶ್ವಾಸ ತರಬೇತಿ, ಐದು ದಿನ. ಬಿಳಿ ಬೂಟು ಹಾಕಿದ ತರಬೇತುದಾರ ಎಲ್ಲರನ್ನೂ ಒಂದು ನಿಲುವುಗನ್ನಡಿಯ ಮುಂದೆ ಒಬ್ಬೊಬ್ಬರನ್ನಾಗಿ ನಿಲ್ಲಿಸಿ, "ನಾನು ಮಾಡಬಲ್ಲೆ" ಎಂದು ಮೂರು ಸಲ ಹೇಳಿಸಿದ. ಗುಂಡಿ ಅಕ್ಕನ ಸರದಿ ಬಂತು.

"ಏನನ್ನ?" ಎಂದು ಕೇಳಿದಳು.

"ಏನನ್ನಾದ್ರೂ ಮೇಡಂ."

"ಏನನ್ನಾದ್ರೂ ಅಂದ್ರೆ ಹೇಗೆ? ಇಂಥದ್ದು ಅಂತ ಹೇಳಿ, ಮಾಡಿ ತೋರಿಸ್ತೀನಿ. ಕನ್ನಡಿಗೆ ಯಾಕೆ ಹೇಳಲಿ? ಕನ್ನಡಿ ಕೆಲಸ ಕೊಡುತ್ತಾ?"

ತರಬೇತುದಾರ ತನ್ನ ಪುಸ್ತಕದಲ್ಲಿ ಏನೋ ಬರೆದುಕೊಂಡ. ಮಧ್ಯಾಹ್ನ ಕೈ ಕುಲುಕುವುದು ಹೇಗೆಂಬ ಪಾಠ. ಸಾಲಿನಲ್ಲಿ ಅವಳ ಪಕ್ಕಕ್ಕಿದ್ದವನು ಲಿಫ್ಟ್ ಮೆಕ್ಯಾನಿಕ್ಕು; ಮೂವತ್ತು ವರ್ಷ ಸ್ಪ್ಯಾನರ್ ಹಿಡಿದ ಕೈ. "ಇನ್ನೂ ಗಟ್ಟಿಯಾಗಿ, ಇನ್ನೂ ಗಟ್ಟಿಯಾಗಿ!" ಎಂದು ತರಬೇತುದಾರ ಹುರಿದುಂಬಿಸಿದ. ಮೆಕ್ಯಾನಿಕ್ಕು ಹಾಗೇ ಮಾಡಿದ. ಉಳಿದ ನಾಲ್ಕು ದಿನ ತರಬೇತುದಾರ ಎಡಗೈಯಲ್ಲಿ ಹಾಜರಿ ಹಾಕಿದ.

ಐದು ದಿನದ ನಂತರ ಸಂದರ್ಶನ ತರಬೇತಿ. ಅದರ ನಂತರ ಸಮಯ ನಿರ್ವಹಣೆಯ ತರಬೇತಿ. ಅದು ಪ್ರತಿದಿನ ಒಂದು ಗಂಟೆ ತಡವಾಗಿ ಶುರುವಾಗುತ್ತಿತ್ತು. ಮನೆಗೆ ಬಂದು ಚಪ್ಪಲಿ ಬಿಸಾಡಿದ ಸದ್ದಿನಲ್ಲೇ ಗಂಡನಿಗೆ ಅಂದಿನ ಸಮಾಚಾರ ತಿಳಿದುಹೋಗುತ್ತಿತ್ತು.

"ನೋಡ್ರೀ, ಬದುಕೆಲ್ಲ ಏಳು ಗಂಟೆ ಪಾಳಿಗೆ ಆರೂವರೆಗೆ ಹೋದವಳು ನಾನು. ನನಗೆ ಸಮಯ ಹೇಳಿಕೊಡ್ತಾರಂತೆ!"

"ಆಗ್ಲಿ ಬಿಡೇ. ಕಲಿತಿದ್ದು ಭಾರ ಆಗಲ್ಲ" ಎಂದು ಅವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಹೇಳಿದ. ಅವನ ಆ ತಣ್ಣನೆಯ ದನಿ ಕೇಳಿದರೆ ಅವಳಿಗೆ ಬಂದ ಸಿಟ್ಟು ಎರಡರಷ್ಟಾಗುತ್ತಿತ್ತು.

ಯಂತ್ರಗಳು ಅವಳ ಕಣ್ಣಿಗೆ ಬಿದ್ದದ್ದು ಆ ದಿನಗಳಲ್ಲೇ. ಕುಡಿಯುವ ನೀರಿನ ನಲ್ಲಿ ಹುಡುಕುತ್ತ ಯುವಜನ ಕೋಣೆಯ ಬಾಗಿಲು ತಳ್ಳಿದಳು. ಒಳಗೆ ಯಾವ ಯುವಜನರೂ ಇರಲಿಲ್ಲ. ಎರಡು ಸಾಲಿನಲ್ಲಿ ಎಂಟು ಹೊಲಿಗೆ ಯಂತ್ರ. ಮನೆಯಲ್ಲಿಡುವಂಥವಲ್ಲ, ಕಾರ್ಖಾನೆಯ ದೊಡ್ಡ ಮೋಟಾರಿನವು. ಎಲ್ಲಕ್ಕೂ ಪ್ಲಾಸ್ಟಿಕ್ ಹೊದಿಸಿತ್ತು. ಸಾಲುಗಳ ಮುಂದೆ, ಈ ಗೋಡೆಯಿಂದ ಆ ಗೋಡೆಗೆ, ಕೆಂಪು ರಿಬ್ಬನ್ನು ಕಟ್ಟಿತ್ತು. ಅದರ ಮೇಲೆ ಬೆರಳಿನಲ್ಲಿ ಹೆಸರು ಬರೆಯುವಷ್ಟು ಧೂಳು.

ಅವಳು ನೀರಡಿಕೆ ಮರೆತು ಕೌಂಟರಿಗೆ ಬಂದಳು.

"ಸಾರ್, ಆ ಮೆಷಿನ್ನುಗಳು ಯಾಕೆ ಹಾಗೆ ನಿಂತಿವೆ?"

"ಉದ್ಘಾಟನೆ ಆಗಿಲ್ಲ ಮೇಡಂ. ಮುಖ್ಯ ಅತಿಥಿಗಳ ದಿನಾಂಕ ಸಿಗಬೇಕು."

"ಎಷ್ಟು ದಿನದಿಂದ?"

ಸಂಯೋಜಕ ಕೊರಳುಪಟ್ಟಿ ತಿರುವುತ್ತ, "ಈ ಮಳೆಗಾಲ ಬಂದ್ರೆ ಎರಡು ವರ್ಷ" ಎಂದ.

"ಗೋಡೆ ತೇವ ಹಿಡಿದಿದೆ. ಸೂಜಿ ಕಂಬ ತುಕ್ಕು ಹಿಡಿತಿದೆ ಸಾರ್."

"ಗೊತ್ತು ಮೇಡಂ. ಮೂರು ಪತ್ರ ಬರೆದಿದೀನಿ."

"ತುಕ್ಕಿಗೆ ಪತ್ರ ಅರ್ಥ ಆಗುತ್ತಾ?"

ಅಂದು ಅವಳಿಗೆ ಊಟ ರುಚಿಸಲಿಲ್ಲ. ಮುಚ್ಚಿದ ಕಾರ್ಖಾನೆಯ ನೆನಪಾದರೂ ಕಣ್ಣೀರು ಹಾಕದವಳು, ಯಾರದೋ ಎಂಟು ಯಂತ್ರಗಳಿಗಾಗಿ ಒಳಗೊಳಗೇ ಕುದಿದಳು. ಮರುದಿನ ಸಮಯ ನಿರ್ವಹಣೆಯ ಪಾಠವೇ ಇರಲಿಲ್ಲ. ತರಬೇತುದಾರನಿಗೇ ಎಲ್ಲೋ ತರಬೇತಿ ಇತ್ತಂತೆ. ಎಲ್ಲರೂ ಮನೆಗೆ ಹೋದರು. ಅವಳು ಮನೆಗೆ ಹೋಗಿ, ಎಣ್ಣೆ ಡಬ್ಬಿ, ಹಳೆ ಬನಿಯನ್ನಿನ ಬಟ್ಟೆ, ಗಂಡನ ಅಂಗಡಿಯಿಂದ ಎರಡು ಸ್ಕ್ರೂಡ್ರೈವರು ಚೀಲಕ್ಕೆ ತುರುಕಿಕೊಂಡು ಬಂದಳು. ಕಾರ್ಖಾನೆಯ ಕಾಲದ ದಾರ ಕತ್ತರಿಸುವ ಪುಟ್ಟ ಕತ್ತರಿ ಅವಳ ಸೊಂಟದಲ್ಲೇ ಇರುತ್ತಿತ್ತು. ರಿಬ್ಬನ್ನಿನ ಮುಂದೆ ಒಂದು ಗಳಿಗೆ ನಿಂತಳು. ಬಗ್ಗಿ ದಾಟಬಹುದಿತ್ತು; ಮಂಡಿ ಒಪ್ಪಲಿಲ್ಲ. ಕಚಕ್ಕನೆ ಕತ್ತರಿಸಿದಳು.

ಮೊದಲ ಯಂತ್ರಕ್ಕೆ ಎಣ್ಣೆ ಹಾಕಿ, ಚಕ್ರ ಕೈಯಲ್ಲಿ ತಿರುಗಿಸಿ, ಸ್ವಿಚ್ಚು ಒತ್ತಿದಾಗ ಅದು ಮೊದಲು ಕೆಮ್ಮಿತು, ನಡುಗಿತು, ಆಮೇಲೆ ಹದಕ್ಕೆ ಬಂದು ಗುಂಯ್ ಎಂದಿತು. ಸದ್ದು ಕೇಳಿ ಬಾಗಿಲಲ್ಲಿ ಒಬ್ಬಳು ಬಂದು ನಿಂತಳು. ಸೊಂಟದ ಎರಡೂ ಬದಿ ಎರಡು ಕೂಸು, ಸೆರಗು ಹಿಡಿದು ಇನ್ನೊಂದು. ಮೂರೂ ಒಂದೇ ಅಚ್ಚಿನವು. ಕೇಂದ್ರದಲ್ಲಿ ಎಲ್ಲರೂ ಅವಳನ್ನು ತ್ರಿವಳಿ ಅಮ್ಮ ಎನ್ನುತ್ತಿದ್ದರು. ಕುಟುಂಬ ಕೋಣೆಯಲ್ಲಿ 'ತಾಯಂದಿರಿಗೆ ವಿಶ್ರಾಂತಿಯ ಮಹತ್ವ' ಎಂಬ ಉಪನ್ಯಾಸ ನಡೆದಿತ್ತು. ಮಕ್ಕಳು ಗಲಾಟೆ ಮಾಡಿದವೆಂದು ಅವಳನ್ನು ಆಚೆ ಕಳಿಸಿದ್ದರು.

"ಅಕ್ಕ, ಇದು ಓಡುತ್ತಾ?"

"ಓಡದೆ ಏನು? ನಿಂತೂ ನಿಂತೂ ಕಾಲು ಜೋಮು ಹಿಡಿದಿತ್ತು ಅಷ್ಟೆ."

"ನನಗೂ ಹೇಳಿಕೊಡ್ತೀರಾ?"

"ಮೂರನ್ನ ಇಟ್ಕೊಂಡು ಹೇಗೆ ಕಲೀತೀಯಾ ತಾಯಿ?"

"ಮೂರನ್ನ ಇಟ್ಕೊಂಡು ಎಲ್ಲ ಮಾಡ್ತಿದೀನಿ, ಇದೊಂದು ಹೆಚ್ಚಾ?"

ಆ ಉತ್ತರ ಗುಂಡಿ ಅಕ್ಕನಿಗೆ ಹಿಡಿಸಿತು. ವಾರದೊಳಗೆ ಕುಟುಂಬ ಕೋಣೆಯಿಂದ ಐದು ಜನ, ಯುವಜನರ 'ನಾಯಕತ್ವ ಶಿಬಿರ'ಕ್ಕೆಂದು ಬಂದು ಬೇಸತ್ತ ಇಬ್ಬರು ಯುವತಿಯರು ಅವಳ ಹಿಂದೆ ಬಿದ್ದರು. ಬಟ್ಟೆಗೆ ಎಲ್ಲಿಗೆ ಹೋಗುವುದು? ಅಟ್ಟದ ಮೇಲೆ ಹಳೆಯ ಕಾರ್ಯಕ್ರಮಗಳ ಬಟ್ಟೆ ಬ್ಯಾನರುಗಳ ರಾಶಿಯಿತ್ತು. ಅವನ್ನೇ ಒಗೆದು ಕತ್ತರಿಸಿ ಕೈಚೀಲ ಹೊಲಿದರು. ನೆಟ್ಟಗಿನ ಹೊಲಿಗೆ ಕಲಿಯಲು ಚೀಲಕ್ಕಿಂತ ಒಳ್ಳೆಯದಿಲ್ಲ. ಒಂದು ಚೀಲದ ಮೇಲೆ 'ಉಜ್ವಲ ಭವಿ' ಎಂದಿದ್ದರೆ ಇನ್ನೊಂದರ ಮೇಲೆ 'ಷ್ಯದತ್ತ' ಎಂದಿರುತ್ತಿತ್ತು. ತರಕಾರಿಗೆ ಎರಡೂ ಸರಿಯಾಗಿದ್ದವು.

ವರದಿ ಒಪ್ಪಿಸಲು ಊರಾಚೆ ಹೋಗಿದ್ದ ಸಂಯೋಜಕನಿಗೆ ಗೊತ್ತಾದದ್ದು ಒಂಬತ್ತನೆಯ ದಿನ. ಬಾಗಿಲಲ್ಲಿ ಬಂದು ನಿಂತ. ನೆಲದ ಮೇಲಿನ ರಿಬ್ಬನ್ನಿನ ತುಂಡನ್ನು ತ್ರಿವಳಿಗಳಲ್ಲಿ ಒಂದು ಚೀಪುತ್ತಿತ್ತು.

"ಮೇಡಂ, ಇದೇನು ಮಾಡಿದ್ರಿ! ಅತಿಥಿಗಳು ಬಂದಾಗ ನಾನು ಏನು ತೋರಿಸಲಿ? ವರದಿಯಲ್ಲಿ 'ಉದ್ಘಾಟನೆಗೆ ಸಿದ್ಧ' ಅಂತ ಬರೆದಿದೀನಿ. ನನ್ನ ಕೆಲಸ ಹೋಗುತ್ತೆ!"

"ಹೋದ್ರೆ ಇಲ್ಲೇ ಬಂದು ಹೆಸರು ಬರೆಸಿ. ಆತ್ಮವಿಶ್ವಾಸದ ತರಬೇತಿ ಇದೆಯಲ್ಲ."

ಹೆಂಗಸರು ಗೊಳ್ಳೆಂದರು. ಅವನ ಮುಖ ಮಾತ್ರ ಬಿಳಿಚಿಹೋಯಿತು. ಅವನು ಮೆಲ್ಲಗೆ, ತನ್ನದು ವರ್ಷ ವರ್ಷ ನವೀಕರಿಸುವ ಕರಾರಿನ ಕೆಲಸವೆಂದೂ, ಇಷ್ಟು ಜನಕ್ಕೆ ಕೆಲಸ ಕೊಡಿಸಿದೆವು ಎಂಬ ಕಾಲಂನಲ್ಲಿ ಎರಡು ವರ್ಷದಿಂದ ಸೊನ್ನೆಯೇ ಇದೆಯೆಂದೂ, ಈ ಸಲ ತನ್ನನ್ನು ಉಳಿಸಿಕೊಳ್ಳುತ್ತಾರೋ ಇಲ್ಲವೋ ಗೊತ್ತಿಲ್ಲವೆಂದೂ ಹೇಳಿದ. ಹೇಳುವಾಗ ಕೊರಳುಪಟ್ಟಿಯನ್ನು ಹಗ್ಗದಂತೆ ಹೊಸೆಯುತ್ತಿದ್ದ. ಗುಂಡಿ ಅಕ್ಕನಿಗೆ ತಾನಾಡಿದ ಮಾತು ಹೆಚ್ಚಾಯಿತೆನಿಸಿತು. ಈ ಮನುಷ್ಯನ ಗೇಟಿಗೂ ಒಂದು ಕಾಗದ ಅಂಟುವುದರಲ್ಲಿದೆ.

"ಸರಿ ಬಿಡಿ ಸಾರ್. ನಿಮ್ಮ ದೊಡ್ಡವರು ಬರೋ ದಿನ ಹೇಳಿ. ಎಲ್ಲ ಮೊದಲಿದ್ದ ಹಾಗೆ ಮಾಡಿ ಕೊಡ್ತೀನಿ. ಅಲ್ಲೀವರೆಗೂ ಇವರು ಕಲೀಲಿ."

ದಿನಾಂಕ ಸಿಕ್ಕಿತು. ಎಂಟು ಜನ ಕೂತು ಎಂಟು ಯಂತ್ರ ಒರೆಸಿ, ಮತ್ತೆ ಪ್ಲಾಸ್ಟಿಕ್ ಹೊದಿಸಿದರು. ಹೊಸ ರಿಬ್ಬನ್ನು ಬಂತು. "ನಡೀತಿರೋ ಮೆಷಿನ್ನು ಮುಚ್ಚಿ, ನಿಂತ ಮೆಷಿನ್ನು ಅಂತ ತೋರಿಸಿ, ಆಮೇಲೆ ನಡೆಸೋದಂತೆ. ಇದಕ್ಕೊಂದು ತರಬೇತಿ ಇಡಲಿ" ಎಂದು ಗುಂಡಿ ಅಕ್ಕ ಗೊಣಗುತ್ತಲೇ ಗಂಟು ಹಾಕಿದಳು.

ಮುಖ್ಯ ಅತಿಥಿ ಒಂದೂವರೆ ಗಂಟೆ ತಡವಾಗಿ ಬಂದರು. ತಟ್ಟೆಯಲ್ಲಿಟ್ಟ ಹೊಳೆಯುವ ಕತ್ತರಿ ರಿಬ್ಬನ್ನನ್ನು ಅಗಿಯಿತೇ ಹೊರತು ಕತ್ತರಿಸಲಿಲ್ಲ. ಗುಂಡಿ ಅಕ್ಕ ಹಿಂದಿನ ಸಾಲಿನಿಂದ ಬಂದು ಸೊಂಟದ ಕತ್ತರಿ ಕೊಟ್ಟಳು. ಚಪ್ಪಾಳೆ ಬಿತ್ತು. ಛಾಯಾಗ್ರಾಹಕ, "ಸಾರ್, ಮೆಷಿನ್ ಮುಂದೆ ಕೂತು ಒಂದು ಪೋಸು" ಎಂದ. ಹೊಸ ಯಂತ್ರವೆಂದು ಅತಿಥಿಗಳು ಧೈರ್ಯವಾಗಿ ಕೂತು ಪೆಡಲಿನ ಮೇಲೆ ಕಾಲಿಟ್ಟರು. ಎಣ್ಣೆ ಕುಡಿದು ಹದವಾಗಿದ್ದ ಯಂತ್ರ ಕಾಲು ಸೋಕಿದ್ದೇ ತಡ, ಕುದುರೆಯಂತೆ ಕಿತ್ತುಕೊಂಡು ಓಡಿತು. ಅವರು ಕೈ ಎಳೆದುಕೊಳ್ಳುವಷ್ಟರಲ್ಲಿ ಅಂಗಿಯ ತೋಳಿನ ತುದಿ ಬಟ್ಟೆಗೆ ಸೇರಿ ಎರಡಂಗುಲ ಹೊಲಿದುಹೋಗಿತ್ತು. ಬೆರಳಿಗೆ ಏನೂ ಆಗಿರಲಿಲ್ಲ, ಪುಣ್ಯಕ್ಕೆ.

ಸಂಯೋಜಕ ಕಣ್ಣು ಮುಚ್ಚಿಕೊಂಡ. ಗುಂಡಿ ಅಕ್ಕ ಯಂತ್ರದ ಮೇಲೆ ಬಾಗಿ, ಒಂದೊಂದೇ ಹೊಲಿಗೆ ಬಿಡಿಸಿದಳು. "ಕೈ ಅಲ್ಲಾಡಿಸಬೇಡಿ. ಈ ತೋಳಿನ ಗುಂಡಿಯೂ ಸಡಿಲ ಇದೆ, ತಡೀರಿ" ಎಂದು ಅದನ್ನೂ ಬಿಗಿದು ಕೊಟ್ಟಳು.

ಅತಿಥಿಗಳು ನಕ್ಕು, "ಯಾರು ಇವರು?" ಎಂದರು.

"ಫಲಾನುಭವಿ ಸಾರ್" ಎಂದ ಸಂಯೋಜಕ.

"ಇವರನ್ನೇ ಟೀಚರ್ ಮಾಡ್ರೀ ಇಲ್ಲಿ!"

ಮತ್ತೆ ಚಪ್ಪಾಳೆ. ಅತಿಥಿಗಳ ಕಾರು ಹೊರಟುಹೋಯಿತು. ಗುಂಡಿ ಅಕ್ಕ ಆ ಮಾತನ್ನು ಮನೆಗೆ ಕೊಂಡೊಯ್ದು ಗಂಡನಿಗೆ ಎರಡು ಸಲ ಹೇಳಿದಳು. ಅವನು ಮೊದಲ ಬಾರಿಗೆ ಭೂತಗನ್ನಡಿ ತೆಗೆದು ಅವಳನ್ನು ನೋಡಿದ.

ಟೀಚರ್ ಹುದ್ದೆಗೆ ಪ್ರಕಟಣೆ ಬಂತು. ಡಿಪ್ಲೊಮಾ ಕಡ್ಡಾಯ ಎಂದಿತ್ತು. ಆದರೂ ಸಂಯೋಜಕ ಹೇಗೋ ಅವಳನ್ನು ಸಂದರ್ಶನಕ್ಕೆ ಸೇರಿಸಿದ. ಉದ್ದ ಮೇಜಿನ ಆಚೆ ಮೂವರು. ನಡುವಿನವರು ಕೇಳಿದರು: "ಐದು ವರ್ಷದ ನಂತರ ನಿಮ್ಮನ್ನ ನೀವು ಎಲ್ಲಿ ಕಾಣ್ತೀರಿ?"

ಕಲಿಸಿಕೊಟ್ಟ ಉತ್ತರ ಅವಳಿಗೆ ಬಾಯಿಪಾಠವಾಗಿತ್ತು. ಆದರೆ ಬಾಯಿಗೆ ಬಂದದ್ದು ಬೇರೆ. "ಐವತ್ತಾರರಲ್ಲಿ ಕಾಣ್ತೀನಿ" ಎಂದಳು.

ಕೆಲಸ ಸಿಗಲಿಲ್ಲ. ಒಂದು ವಾರದ ನಂತರ ಡಿಪ್ಲೊಮಾ ಇದ್ದ ಇಪ್ಪತ್ತಾರರ ಯುವತಿ ಟೀಚರಾಗಿ ಬಂದಳು. ಗುಂಡಿ ಅಕ್ಕ ಎಣ್ಣೆ ಡಬ್ಬಿ, ಸ್ಕ್ರೂಡ್ರೈವರು, ಬನಿಯನ್ ಬಟ್ಟೆ ಎಲ್ಲ ಚೀಲಕ್ಕೆ ತುಂಬಿಕೊಂಡು ಮನೆ ಸೇರಿದಳು. ಮನೆಯಲ್ಲಿ ಪಾತ್ರೆಗಳು ಎಂದಿಗಿಂತ ಜೋರಾಗಿ ಮಾತಾಡಿದವು. ಹತ್ತು ದಿನ ಅವಳು ಆ ರಸ್ತೆಯಲ್ಲೇ ನಡೆಯಲಿಲ್ಲ. ತರಕಾರಿಗೂ ಬಳಸು ದಾರಿ ಹಿಡಿದಳು.

"ಹೋಗಿ ಒಂದು ಸಲ ನೋಡಿ ಬಾರೇ" ಎಂದ ಗಂಡ.

"ಯಾಕೆ ಹೋಗಲಿ? ನಾನು ಇತರೆ. ನಾನು ಫಲಾನುಭವಿ. ಫಲ ಎಲ್ಲಿ ಅಂತ ಮಾತ್ರ ಯಾರೂ ಹೇಳ್ತಿಲ್ಲ!"

ಹನ್ನೊಂದನೆಯ ದಿನ ಬಾಗಿಲು ಬಡಿದ ಸದ್ದು. ತ್ರಿವಳಿ ಅಮ್ಮ ನಿಂತಿದ್ದಳು, ಮೂರರ ಸಮೇತ. ಒಳಗೆ ಬಂದವಳೇ ಉಸಿರು ಬಿಡದೆ ಹೇಳಿದಳು: ಯಂತ್ರಗಳಲ್ಲಿ ಐದು ನಿಂತಿವೆ, ದಾರವೆಲ್ಲ ಕೆಳಗೆ ಗೂಡು ಕಟ್ಟುತ್ತಿದೆ. ಅದಕ್ಕಿಂತ ದೊಡ್ಡ ಸುದ್ದಿ, ಆಸ್ಪತ್ರೆಗಳ ಬಟ್ಟೆ ಒಗೆಯುವ ಲಾಂಡ್ರಿ ಮಾಲೀಕ ಒಬ್ಬ ಸಂತೆಯಲ್ಲಿ ಅವರ ಚೀಲ ನೋಡಿ, ಹೊಲಿಗೆ ಎಳೆದು ಪರೀಕ್ಷಿಸಿ, ವಿಳಾಸ ಹುಡುಕಿಕೊಂಡು ಕೇಂದ್ರಕ್ಕೆ ಬಂದಿದ್ದ. ಒಗೆಯುವುದರ ಜೊತೆಗೆ ರೋಗಿಗಳ ಗೌನು ಹೊಲಿಸುವ ಕೆಲಸವನ್ನೂ ಅವನು ಶುರು ಮಾಡುವವನಿದ್ದ. ಶನಿವಾರದೊಳಗೆ ಒಂದು ಒಳ್ಳೆಯ ಮಾದರಿ ಗೌನು ಕೊಟ್ಟರೆ ಅವರನ್ನೇ ಕೆಲಸಕ್ಕೆ ತೆಗೆದುಕೊಳ್ಳುತ್ತಾನಂತೆ.

"ಟೀಚರಮ್ಮ ಇದಾರಲ್ಲ" ಎಂದಳು ಗುಂಡಿ ಅಕ್ಕ, ಗೋಡೆ ನೋಡುತ್ತ.

"ಅವರು ಬಾತ್ ರೂಮಿನಲ್ಲಿ ಅಳ್ತಿದಾರೆ ಅಕ್ಕ."

ಗುಂಡಿ ಅಕ್ಕ ಬೈದುಕೊಂಡೇ ಚಪ್ಪಲಿ ಮೆಟ್ಟಿದಳು.

ಟೀಚರಮ್ಮನ ಕಣ್ಣು ಊದಿಕೊಂಡಿತ್ತು. ಅವಳು ಎಲ್ಲರ ಎದುರಿಗೇ ಹೇಳಿಬಿಟ್ಟಳು: "ನನಗೆ ಬರಲ್ಲ ಅಕ್ಕ. ನಾನು ಕಲಿತಿದ್ದು ಮನೆ ಮೆಷಿನ್ನಿನಲ್ಲಿ. ಇದು ಕಾಲಿಟ್ರೆ ಹಾರುತ್ತೆ. ಹತ್ತು ದಿನದಿಂದ ಬರುತ್ತೆ ಅಂತ ನಟಿಸಿ ನಟಿಸಿ ಸಾಕಾಯ್ತು."

ಬೈಯಲು ಗುಂಡಿ ಅಕ್ಕ ದಾರಿಯುದ್ದಕ್ಕೂ ಕೂಡಿಟ್ಟುಕೊಂಡು ಬಂದಿದ್ದ ಮಾತುಗಳೆಲ್ಲ ವ್ಯರ್ಥವಾದವು. ಮಧ್ಯಾಹ್ನದೊಳಗೆ ಐದೂ ಯಂತ್ರ ಸರಿಮಾಡಿದಳು. ಕೆಳದಾರ ಸುತ್ತುವ ಬಾಬಿನ್ನುಗಳನ್ನು ತಿರುಗುಮುರುಗಾಗಿ ಹಾಕಿದ್ದರು, ಅಷ್ಟೇ. ಆಮೇಲೆ ಲಾಂಡ್ರಿ ಮಾಲೀಕ ಬಿಟ್ಟುಹೋದ ಹಸಿರು ಬಟ್ಟೆಯ ಥಾನು ಬಿಚ್ಚಿ ಮೇಜಿನ ಮೇಲೆ ಹರಡಿದರು. ಎಲ್ಲರೂ ಅವಳ ಮುಖ ನೋಡಿದರು.

ಅವಳು ಕತ್ತರಿ ಹಿಡಿದು ನಿಂತಳು. ನಿಂತೇ ಇದ್ದಳು.

ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಸಾವಿರ ಅಂಗಿ ಅವಳ ಕೈಯಿಂದ ದಾಟಿ ಹೋಗಿದ್ದವೋ. ಆದರೆ ಅಂಗಿ ಅವಳ ಬಳಿಗೆ ಬರುವ ಹೊತ್ತಿಗೆ ಅದು ಅಂಗಿಯೇ ಆಗಿರುತ್ತಿತ್ತು. ಕತ್ತರಿಸುವವರು ಮಹಡಿಯ ಮೇಲಿನವರು. ಅವಳು ಆ ಮೆಟ್ಟಿಲು ಹತ್ತಿದವಳೇ ಅಲ್ಲ. ಒಂದೇ ಒಂದು ಬಟ್ಟೆಯನ್ನು ಮೊದಲಿನಿಂದ ಕೊನೆಯವರೆಗೆ ಅವಳು ಮಾಡಿರಲಿಲ್ಲ. ಇದನ್ನು ಅವಳು ಗಂಡನಿಗೂ ಹೇಳಿದ್ದಿಲ್ಲ.

ಟೀಚರಮ್ಮ ಹತ್ತಿರ ಬಂದು, ಬೇರೆಯವರಿಗೆ ಕೇಳದಂತೆ, "ಅಕ್ಕ, ಕತ್ತರಿಸೋದು ನಾನು ಮಾಡ್ಲಾ?" ಎಂದಳು.

"ಬರುತ್ತಾ ನಿನಗೆ?"

"ಅದೊಂದೇ ಬರೋದು ನನಗೆ."

ಅವಳು ಕಂದು ಕಾಗದದ ಮೇಲೆ ಅಳತೆ ಗೆರೆ ಎಳೆದಳು. ಹೆಗಲು, ಕಂಕುಳು, ಬೆನ್ನು. ಬಳುಕುವ ಗೆರೆಗಳು ಒಂದನ್ನೊಂದು ತಬ್ಬಿಕೊಂಡು ಕೂತವು. ಬಟ್ಟೆಯ ಮೇಲೆ ಆ ಕಾಗದವನ್ನು ಹೀಗೆ ತಿರುಗಿಸಿ, ಹಾಗೆ ಹೊರಳಿಸಿ ಇಟ್ಟಳು. ಮೂರು ಗೌನು ಹಿಡಿಯುವ ಕಡೆ ನಾಲ್ಕು ಹಿಡಿಸಿದಳು. ಗುಂಡಿ ಅಕ್ಕ ಬಾಯಿ ಮುಚ್ಚಿಕೊಂಡು ನೋಡಿದಳು. ಅವಳು ಬಾಯಿ ಮುಚ್ಚಿಕೊಂಡದ್ದನ್ನು ಕಂಡು ತ್ರಿವಳಿ ಅಮ್ಮನಿಗೆ ಹೆದರಿಕೆಯೇ ಆಯಿತು.

"ಅಕ್ಕ, ಹುಷಾರಿದೀರಾ?"

"ಹುಷಾರಾಗಿದೀನಿ. ಪಾಠ ಕಲೀತಿದೀನಿ. ಈ ಕೇಂದ್ರಕ್ಕೆ ಬಂದ ಮೇಲೆ ಇವತ್ತೇ ಮೊದಲು."

ಶನಿವಾರ ಲಾಂಡ್ರಿ ಮಾಲೀಕ ಬಂದ. ದಪ್ಪ ಆಳು, ಮೈಯೆಲ್ಲ ಸೋಪಿನ ವಾಸನೆ. ಗೌನಿನ ಹೊಲಿಗೆ ಎಳೆದು, ಒಳಮೈ ತಿರುಗಿಸಿ ನೋಡಿದ. "ಹೊಲಿಗೆಗೆ ಮಾತಿಲ್ಲ. ಆದ್ರೆ ಬೆನ್ನಿಗೆ ಲಾಡಿ ಬೇಕು ಅಂದಿದ್ದೆ, ನೀವು ಗುಂಡಿ ಹಾಕಿದೀರಲ್ಲಮ್ಮ."

"ಲಾಡಿ ನಿಮ್ಮ ಒಗೆಯೋ ಮೆಷಿನ್ನಿನಲ್ಲಿ ಒಂದಕ್ಕೊಂದು ಸುತ್ತಿಕೊಳ್ಳಲ್ವಾ? ಬಿಡಿಸೋಕೆ ಒಬ್ಬರನ್ನ ಇಟ್ಟಿದೀರಲ್ವಾ?"

ಅವನು ಬೆಪ್ಪಾಗಿ, "ಇಬ್ಬರನ್ನ" ಎಂದ.

"ಗುಂಡಿ ಮೇಲೆ ರೋಗಿ ಮಲಗಿದ್ರೆ ಬೆನ್ನಿಗೆ ಒತ್ತುತ್ತಲ್ಲ ಅಕ್ಕ" ಎಂದು ಟೀಚರಮ್ಮ ನಡುವೆ ಬಾಯಿ ಹಾಕಿದಳು. ಗುಂಡಿ ಅಕ್ಕನಿಗೆ ಇದು ಹೊಳೆದಿರಲಿಲ್ಲ. ಅರ್ಧ ಗಂಟೆ ಮೂವರೂ ಜಗಳವಾಡಿದರು. ಕೊನೆಗೆ ಗುಂಡಿಗಳು ಬೆನ್ನು ಬಿಟ್ಟು ಪಕ್ಕೆಗೆ ಸರಿದವು. ಸೊಂಟದಲ್ಲಿ ಒಂದೇ ಒಂದು ಗಿಡ್ಡ ಲಾಡಿ ಉಳಿಯಿತು. ಮಾಲೀಕ ಮುಂದಿನ ಸೋಮವಾರದಿಂದ ಎಂಟು ಜನ ಬರಲಿ ಎಂದ. "ನೋಡ್ಕೊಳ್ಳೋಕೆ ನೀವು ಬನ್ನಿ. ಇಷ್ಟು ಜಗಳ ಆಡೋರು ನನಗೆ ಬೇಕು" ಎಂದು ಗುಂಡಿ ಅಕ್ಕನಿಗೆ ಹೇಳಿದ. ಡಿಪ್ಲೊಮಾದ ಮಾತೇ ಬರಲಿಲ್ಲ. ವಯಸ್ಸು ಕೇಳಲಿಲ್ಲ, ಅವಳೇ ಕಾದು ನೋಡಿ, ತಡೆಯಲಾರದೆ ಹೇಳಿದಳು. "ನನಗೆ ಅರವತ್ತಮೂರು" ಎಂದ ಅವನು.

ತ್ರಿವಳಿ ಅಮ್ಮ ಕೆಲಸಕ್ಕೆ ಹೋದರೆ ಮಕ್ಕಳ ಗತಿ? ಗುಂಡಿ ಅಕ್ಕ ಸಂಯೋಜಕನ ಗಾಜಿನ ಮುಂದೆ ಹೋಗಿ ನಿಂತಳು. ಕುಟುಂಬ ಕೋಣೆಯಲ್ಲಿ ಉಪನ್ಯಾಸ ವಾರಕ್ಕೊಂದು. ಉಳಿದ ದಿನ ಖಾಲಿ ಕುರ್ಚಿಗಳಿಗೆ ಫ್ಯಾನು ತಿರುಗುತ್ತಿತ್ತು. "ಆ ಕೋಣೆಯಲ್ಲಿ ಮಕ್ಕಳನ್ನ ನೋಡ್ಕೊಳ್ಳಿ ಸಾರ್. ವಿಶ್ರಾಂತಿಯ ಮಹತ್ವ ತಾನಾಗೇ ಗೊತ್ತಾಗುತ್ತೆ." ಅವನು ನಿಯಮಗಳ ಪುಸ್ತಕ ತಿರುವಿ ಹಾಕಿ, ಬೇಡವೆಂದು ಎಲ್ಲೂ ಬರೆದಿಲ್ಲವೆಂದು ಕಂಡುಹಿಡಿದ. ಅದು ಅವನು ಆ ವರ್ಷ ಮಾಡಿದ ಅತಿ ಧೈರ್ಯದ ಕೆಲಸ.

ತಿಂಗಳಾದ ಮೇಲೆ ಕೇಂದ್ರದ ಹೊರಗೋಡೆಯ ಮೇಲೆ ಆಳೆತ್ತರದ ಭಿತ್ತಿಪತ್ರ ಬಂತು. ಅದರಲ್ಲಿ ಗುಂಡಿ ಅಕ್ಕನ ಚಿತ್ರ. ಎಂದೋ ಬೈಯುವಾಗ ತೆಗೆದದ್ದು, ನಗುವಂತೆ ಕಾಣುತ್ತಿತ್ತು. ಕೆಳಗೆ, 'ಆತ್ಮವಿಶ್ವಾಸ ತರಬೇತಿ ನನ್ನ ಬದುಕನ್ನೇ ಬದಲಿಸಿತು.' ಅವಳು ಉರಿದುಕೊಂಡು ಒಳಗೆ ನುಗ್ಗಿದಳು.

"ನಾನು ಯಾವಾಗ ಹೇಳಿದೆ ಸಾರ್ ಇದನ್ನ?"

"ಮೇಲಿನಿಂದ ಬರೆದು ಕಳಿಸಿದ್ರು ಮೇಡಂ" ಎಂದ ಸಂಯೋಜಕ. ಆಮೇಲೆ ದನಿ ತಗ್ಗಿಸಿ, "ಕೆಲಸ ಕೊಡಿಸಿದ ಕಾಲಂನಲ್ಲಿ ಒಂಬತ್ತು ಅಂತ ಹಾಕಿದೆ. ನನ್ನನ್ನ ಇನ್ನೊಂದು ವರ್ಷಕ್ಕೆ ಉಳಿಸಿಕೊಂಡಿದಾರೆ" ಎಂದ.

ಅವಳು ಹೊರಗೆ ಬಂದು ಭಿತ್ತಿಪತ್ರದ ಕಿತ್ತುಬರುತ್ತಿದ್ದ ಒಂದು ಮೂಲೆಯನ್ನು ಅಂಗೈಯಿಂದ ಒತ್ತಿ ಕೂರಿಸಿ ಹೊರಟಳು. ಇಡೀ ದಾರಿ ತನ್ನನ್ನು ತಾನೇ ಬೈದುಕೊಂಡಳು.

ಮರುವಾರ ಆಸ್ಪತ್ರೆಯ ದಾದಿಯೊಬ್ಬಳು ಲಾಂಡ್ರಿಗೆ ಫೋನು ಮಾಡಿದಳು. ಗೌನು ಚೆನ್ನಾಗಿದೆ, ಆದರೆ ದಪ್ಪಗಿರುವವರಿಗೆ ಪಕ್ಕೆಯ ಗುಂಡಿ ಸೇರುತ್ತಿಲ್ಲ. ಮಾಲೀಕ ತಲೆ ಕೆರೆದುಕೊಂಡ. ಟೀಚರಮ್ಮ ರಜೆಯ ದಿನವೆಂದು ಅಲ್ಲೇ ಬಂದಿದ್ದಳು. ಗುಂಡಿ ಅಕ್ಕನ ಹತ್ತಿರ ದೊಡ್ಡ ಯಂತ್ರ ಓಡಿಸಲು ಕಲಿಯುತ್ತಿದ್ದಳು.

"ಪುಸ್ತಕದಲ್ಲಿ ಮೂರು ಅಳತೆ ಕೊಟ್ಟಿದಾರೆ ಅಕ್ಕ. ನಾನು ನಡುವಿನದ್ದು ಹಿಡಿದೆ."

"ಪುಸ್ತಕಕ್ಕೆ ಹೊಟ್ಟೆ ಇದೆಯೇನೇ? ಟೇಪು ತಗೋ, ನಡಿ."

ವಾರ್ಡಿನಲ್ಲಿ ಹದಿನೈದು ಮಂಚ. ಮೊದಲನೆಯ ಮಂಚದಲ್ಲಿ ದೊಡ್ಡ ಹೊಟ್ಟೆಯ ಯಜಮಾನರೊಬ್ಬರು ಪತ್ರಿಕೆ ಓದುತ್ತಿದ್ದರು. ಗುಂಡಿ ಅಕ್ಕ ಅವರ ಸುತ್ತ ಟೇಪು ಹಾಕಿದಳು. ಅವರು ಗಾಬರಿಯಾಗಿ ಉಸಿರು ಒಳಗೆಳೆದುಕೊಂಡರು.

"ಉಸಿರು ಬಿಡಿ ಯಜಮಾನ್ರೇ. ಹೊಟ್ಟೆ ಒಳಗೆ ಎಳ್ಕೊಂಡ್ರೆ ಅಳತೆಯೂ ಸುಳ್ಳು, ಗೌನೂ ಸುಳ್ಳು. ನಮಗೆ ಬೇರೆ ಕೆಲಸ ಇಲ್ವಾ?"

ಅವರು ಉಸಿರು ಬಿಟ್ಟರು. ಟೀಚರಮ್ಮ ಅಳತೆ ಬರೆದುಕೊಂಡಳು. ಗುಂಡಿ ಅಕ್ಕ ಟೇಪು ಕೊರಳಿಗೆ ಹಾಕಿಕೊಂಡು, ಹಣೆ ಗಂಟಿಕ್ಕಿಕೊಂಡೇ, ಎರಡನೆಯ ಮಂಚದ ಕಡೆಗೆ ನಡೆದಳು.